ಆಟದ ಮನೆಯಲ್ಲಿ ಸಾಮಾನು ಎಲ್ಲಿ ಇಡೋದು? ನಾಲ್ಕು ಮನೆ ನೋಡಿ ಬಂದೆ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ಅಪ್ಪನ ಜೀನ್ಸ್ ಹೊಲಿಗೆ. ಕತ್ತರಿಸಿದ ಬಟ್ಟೆಯನ್ನು 28, 30, 32 ಅಂತ ಸೈಜಿನ ಪ್ರಕಾರ ಗಂಟು ಕಟ್ಟಿ ಗೋಡೆಗೆ ಒರಗಿಸಿರುತ್ತಾರೆ. ಜಿಪ್ಪಿಗೆ ಒಂದು ಡಬ್ಬಿ, ಗುಂಡಿಗೆ ಒಂದು, ರಿವೆಟ್ಟಿಗೆ ಒಂದು. ಮಿಷನ್ ಮುಂದೆ ಕೂತವರು ಏಳದೆ ಕೈ ಚಾಚಿದರೆ ಬೇಕಾದ್ದು ಸಿಗಬೇಕು, ಅದು ಅಪ್ಪನ ಲೆಕ್ಕ. ಆ ಕೋಣೆ ನೋಡಿಕೊಂಡೇ ಬೆಳೆದದ್ದಕ್ಕೋ ಏನೋ, ಯಾವ ವಿಡಿಯೊ ಗೇಮ್‌ನಲ್ಲಿ ಮನೆ ಸಿಕ್ಕಿದರೂ ನನ್ನ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಕಡೆಗೆ. ಎಲ್ಲಿ ಇಡೋದು, ಹೇಗೆ ಇಡೋದು, ಬೇಕಾದಾಗ ಸಿಗುತ್ತದಾ?

ಈ ಬೇಸಿಗೆಯಲ್ಲಿ ನಾಲ್ಕು ಆಟಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಸೈಬರ್‌ಪಂಕ್ 2077, ಸ್ಕೈರಿಮ್, ಫಾಲ್‌ಔಟ್ 4, ಸ್ಟಾರ್‌ಡ್ಯೂ ವ್ಯಾಲಿ. ಹಗಲು ನಮ್ಮೂರ ಬಿಸಿಲಿಗೆ ಲ್ಯಾಪ್‌ಟಾಪ್ ಕಾದ ಹೆಂಚಾಗುತ್ತದೆ, ಹಾಗಾಗಿ ಆಡಿದ್ದೆಲ್ಲ ರಾತ್ರಿ ಊಟ ಆದ ಮೇಲೆ. ಸೈಬರ್‌ಪಂಕ್ ಮಾತ್ರ ನನ್ನ ಲ್ಯಾಪ್‌ಟಾಪ್ ಎಳೆಯುವುದಿಲ್ಲ, ಅದನ್ನು ಚಿಕ್ಕಪ್ಪನ ಮಗನ ಕಂಪ್ಯೂಟರ್‌ನಲ್ಲಿ ಆಡಿದೆ. ಪರೀಕ್ಷೆ ಎಲ್ಲಕ್ಕೂ ಒಂದೇ. ಚೀಲ ತುಂಬಿಸಿಕೊಂಡು ಮನೆಗೆ ಬಂದು, ಎಲ್ಲ ಇಳಿಸಿ, ಮತ್ತೆ ಹೊರಡಲು ಎಷ್ಟು ಹೊತ್ತು ಬೇಕು? ವಾರದ ಹಿಂದೆ ಇಟ್ಟ ಒಂದು ವಸ್ತು ಎಷ್ಟು ಬೇಗ ಕೈಗೆ ಬರುತ್ತದೆ?

ಇಳಿಸುವುದರಲ್ಲಿ ಸೈಬರ್‌ಪಂಕ್ ಮುಂದೆ, ಅದರಲ್ಲಿ ಎರಡು ಮಾತಿಲ್ಲ. ನೈಟ್ ಸಿಟಿಯ ಮೆಗಾಬಿಲ್ಡಿಂಗ್ ಹೆಚ್10ರಲ್ಲಿ ನಮಗೊಂದು ಅಪಾರ್ಟ್‌ಮೆಂಟ್ ಇರುತ್ತದೆ. ಅದರೊಳಗೆ ಒಂದು ಪುಟ್ಟ ಕೋಣೆಯೇ ಸ್ಟ್ಯಾಶ್, ಅಂದರೆ ಸಾಮಾನು ಇಡುವ ಜಾಗ. ಅದಕ್ಕೆ ತೂಕದ ಮಿತಿ ಇಲ್ಲ, ಎಷ್ಟು ಹಾಕಿದರೂ ಹಿಡಿಸುತ್ತದೆ. ಕಾರಿನ ಡಿಕ್ಕಿ ತೆಗೆದರೂ ಅದೇ ಸ್ಟ್ಯಾಶ್ ತೆರೆಯುತ್ತದೆ. 2022ರ ಫೆಬ್ರವರಿಯಲ್ಲಿ ಬಂದ 1.5 ಅಪ್‌ಡೇಟ್‌ನಿಂದ ಬೇರೆ ನಾಲ್ಕು ಮನೆಗಳನ್ನೂ ತೆಗೆದುಕೊಳ್ಳಬಹುದು. ನಾರ್ತ್‌ಸೈಡ್‌ನದು 5,000 ಎಡ್ಡಿ (ಆ ಆಟದ ದುಡ್ಡು), ಕಾರ್ಪೊ ಪ್ಲಾಜಾದ್ದು 55,000. ಯಾವ ಮನೆಗೆ ಹೋದರೂ ಸಾಮಾನು ಅಲ್ಲೇ ಕಾಯುತ್ತಿರುತ್ತದೆ. ಬಂದೂಕು ತಯಾರಿಸಲು, ಸುಧಾರಿಸಲು ಬೇಕಾದ ಬಿಡಿಭಾಗಗಳಿಗೆ ತೂಕವೇ ಇಲ್ಲ, ಅವನ್ನು ಇಳಿಸುವ ಗೋಜೂ ಇಲ್ಲ. ಒಂದು ದೊಡ್ಡ ಸುತ್ತು ಮುಗಿಸಿ ಬಂದು ಕಾರಿನ ಡಿಕ್ಕಿಯಲ್ಲೇ ಎಲ್ಲ ಸುರಿದು ಹೊರಟೆ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಹುಡುಕುವಾಗ ನನ್ನ ಅಜ್ಜಿ ಊರಿನ ಹಗೇವು ನೆನಪಾಯಿತು. ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಅಜ್ಜಿಯ ಮನೆ. ಅಂಗಳದಲ್ಲಿ ನೆಲದೊಳಗೆ ತೋಡಿದ ಕಣಜ, ಜೋಳ ತುಂಬಿ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೀಲಗಟ್ಟಲೆ ಹಿಡಿಸುತ್ತಿತ್ತು. ಆದರೆ ಬೆಳಗಿನ ರೊಟ್ಟಿಗೆ ಯಾರೂ ಹಗೇವು ತೆಗೆಯುವುದಿಲ್ಲ. ತೆಗೆದ ಕೂಡಲೇ ಇಳಿಯುವ ಹಾಗೂ ಇಲ್ಲ, ಒಳಗೆ ಉಸಿರು ಕಟ್ಟುವ ಗಾಳಿ ಇರುತ್ತದೆ, ಅದು ಹೋಗುವ ತನಕ ಕಾಯಬೇಕು. ಅದಕ್ಕೇ ದಿನದ ಜೋಳ ಅಡುಗೆಮನೆಯ ಗಡಿಗೆಯಲ್ಲಿ ಬೇರೆ ಇರುತ್ತಿತ್ತು. ಸೈಬರ್‌ಪಂಕ್‌ನ ಸ್ಟ್ಯಾಶ್ ಒಳ್ಳೆಯ ಹಗೇವು, ಆದರೆ ಪಕ್ಕದಲ್ಲಿ ಆ ಗಡಿಗೆ ಇಲ್ಲ. ಬಂದೂಕಿಗೆ ಒಂದು ಟ್ಯಾಬ್, ಬಟ್ಟೆಗೆ ಒಂದು ಟ್ಯಾಬ್ ಇದೆ, ಸರಿ. ಇದು ಇಟ್ಟುಕೊಳ್ಳುವುದು, ಇದು ಮಾರುವುದು, ಇದು ಮುಂದಿನ ಕೆಲಸಕ್ಕೆ ಅಂತ ನಾನೇ ಬೇರೆ ಬೇರೆ ಇಡಲು ಜಾಗವಿಲ್ಲ. ನೂರಾರು ಬಂದೂಕು ಸೇರಿದ ಮೇಲೆ ಒಂದೊಂದನ್ನೇ ನೋಡುತ್ತಾ ಕೆಳಗೆ ಇಳಿಯುವುದೇ ಕೆಲಸವಾಗುತ್ತದೆ.

ಆ ಕೋಣೆಯ ಗೋಡೆ ಮಾತ್ರ ನನಗೆ ತುಂಬಾ ಇಷ್ಟ. ಐಕಾನಿಕ್ ಅನ್ನುವ ವಿಶೇಷ ಬಂದೂಕುಗಳಲ್ಲಿ ಕೆಲವನ್ನು ಸ್ಟ್ಯಾಶ್‌ಗೆ ಹಾಕಿದರೆ ಅವು ತಾವೇ ಗೋಡೆಯ ಮೇಲೆ ಬಂದು ಕೂರುತ್ತವೆ. ಖಾಲಿ ಇದ್ದ ಗೋಡೆ ತಿಂಗಳಲ್ಲಿ ತುಂಬಿತು. ಯಾವುದು ಎಲ್ಲಿ ಅನ್ನುವುದನ್ನು ಆಟವೇ ತೀರ್ಮಾನಿಸುತ್ತದೆ, ನಮ್ಮ ಕೈಯಲ್ಲಿ ಇಲ್ಲ. ಸಾಮಾನು ಜಾಸ್ತಿ ಇಟ್ಟರೆ ಆಟಕ್ಕೇ ಭಾರವಾಗುತ್ತದೆ ಅನ್ನುವ ಮಾತು ಈಗಲೂ ಕೇಳುತ್ತೇವೆ ಅಲ್ವಾ? ಅದು 2020ರ ಡಿಸೆಂಬರ್‌ನ ಕಥೆ. ಆಗ ಕಂಪ್ಯೂಟರ್‌ನಲ್ಲಿ ಆಡಿದ್ದನ್ನು ಉಳಿಸಿಡುವ ಸೇವ್ ಫೈಲ್ 8 ಎಂಬಿ ದಾಟಿದರೆ ಕೆಡುತ್ತಿತ್ತು. ಅದೇ ತಿಂಗಳು 1.06 ಅಪ್‌ಡೇಟ್‌ನಲ್ಲಿ ಆ ಮಿತಿ ತೆಗೆದರು. ಈಗ ಧೈರ್ಯವಾಗಿ ತುಂಬಿಸಿ.

ಸ್ಕೈರಿಮ್ ಇದಕ್ಕೆ ಪೂರ್ತಿ ಉಲ್ಟಾ. 2011ರ ನವೆಂಬರ್‌ನಲ್ಲಿ ಬಂದ ಆಟ, ಆದರೂ ಮನೆಯೊಂದು ಮನೆಯ ಹಾಗೆ ಅನಿಸುವುದು ನನಗೆ ಇಲ್ಲೇ. ವೈಟ್‌ರನ್ ಊರಿನ ಬ್ರೀಜ್‌ಹೋಮ್, 5,000 ಚಿನ್ನದ ನಾಣ್ಯ. ಊರಬಾಗಿಲು ದಾಟಿದರೆ ಕಮ್ಮಾರನ ಅಂಗಡಿ, ಅದರ ಪಕ್ಕದಲ್ಲೇ ಮನೆ. ಮಂಚ, ಮೇಜು, ಮದ್ದು ಅರೆಯುವ ಮೂಲೆ ಎಲ್ಲ ಬೇರೆ ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ಇಲ್ಲಿ ಸಾಮಾನು ಅಂದರೆ ಪಟ್ಟಿಯಲ್ಲಿನ ಬರೀ ಹೆಸರಲ್ಲ. ಬ್ರೆಡ್ಡು, ಬಟ್ಟಲು, ಕತ್ತಿ, ಪುಸ್ತಕ ಎಲ್ಲವನ್ನೂ ನೆಲದ ಮೇಲೆ, ಮೇಜಿನ ಮೇಲೆ ಇಡಬಹುದು.

ಒಂದು ರಾತ್ರಿ ಪೂರ್ತಿ ಮದ್ದಿನ ಬಾಟಲಿ ಜೋಡಿಸಿದೆ. ಏಳು ಬಾಟಲಿ, ಒಂದೇ ಹಲಗೆ. ಬಟನ್ ಒತ್ತಿ ಹಿಡಿದರೆ ಬಾಟಲಿ ಗಾಳಿಯಲ್ಲಿ ನಮ್ಮ ಮುಂದೆ ತೇಲುತ್ತದೆ. ಮೌಸ್ ಅಲುಗದ ಹಾಗೆ ಹಲಗೆಯ ತನಕ ತಂದು, ಉಸಿರು ಬಿಗಿಹಿಡಿದು ಬಿಡಬೇಕು. ಕೆಂಪು, ನೀಲಿ, ಹಸಿರು ಸಾಲಾಗಿ ನಿಂತವು. ಐದನೆಯದು ಇಳಿಸುವಾಗ ನಾಲ್ಕನೆಯದಕ್ಕೆ ತಾಗಿ ಅದು ಉರುಳಿತು, ಉರುಳಿದ್ದು ಮೂರನೆಯದನ್ನೂ ಕರೆದುಕೊಂಡು ಹೋಯಿತು. ಮತ್ತೆ ಮೊದಲಿಂದ. ಕೊನೆಗೂ ಏಳೂ ನಿಂತಾಗ ಆದ ಖುಷಿಯೇ ಬೇರೆ. ಮರುದಿನ ಬಾಗಿಲು ತೆಗೆದು ಒಳಗೆ ಬಂದರೆ ಎರಡು ನೆಲದ ಮೇಲೆ ಬಿದ್ದಿದ್ದವು. ಇಲ್ಲಿ ವಸ್ತುವಿಗೆ ತೂಕ, ತಾಕಲಾಟ ಎಲ್ಲ ಇದೆ, ಮನೆಗೆ ಬಂದಾಗ ಕೆಲವು ಸಲ ಸಾಮಾನು ತಾನೇ ಜಿಗಿಯುತ್ತದೆ. ಅದಕ್ಕೆ ನನ್ನ ಸಲಹೆ ಇಷ್ಟೇ: ಕತ್ತಿಗೆ ಗೋಡೆಯ ಸ್ಟ್ಯಾಂಡು, ಪುಸ್ತಕಕ್ಕೆ ಪುಸ್ತಕದ ಕಪಾಟು. ಅವೆರಡರಲ್ಲಿ ಇಟ್ಟದ್ದು ತಾನೇ ನೆಟ್ಟಗೆ ಕೂರುತ್ತದೆ. ಉಳಿದದ್ದು ಪೆಟ್ಟಿಗೆಗೆ.

ಪೆಟ್ಟಿಗೆಯಲ್ಲೂ ಒಂದು ಸೂಕ್ಷ್ಮ ಇದೆ, ಹೊಸಬರು ದಯವಿಟ್ಟು ಗಮನಿಸಿ. ಮನೆ ಕೊಳ್ಳುವ ಮೊದಲು ನಾನು ಬೀದಿಬದಿಯ ಒಂದು ಪೀಪಾಯಿಯಲ್ಲಿ ಸಾಮಾನು ಇಡುತ್ತಿದ್ದೆ. ಡ್ರ್ಯಾಗನ್ ಮೂಳೆ, ಒಂದೊಂದು 15 ತೂಕ. ಡ್ರ್ಯಾಗನ್ ಚಿಪ್ಪು, ಒಂದೊಂದು 10. ಹೊರುವ ಶಕ್ತಿ ಶುರುವಿನಲ್ಲಿ 300. ಅದು ಮೀರಿದರೆ ಓಡಲು ಆಗುವುದಿಲ್ಲ, ನಕ್ಷೆಯಲ್ಲಿ ಒತ್ತಿ ದೂರದ ಊರಿಗೆ ಜಿಗಿಯಲೂ ಆಗುವುದಿಲ್ಲ. ಹಾಗಾಗಿ ಸಿಕ್ಕ ಪೀಪಾಯಿಗೆ ತುಂಬಿದ್ದೆ. ಬಹಳ ದಿನ ಬಿಟ್ಟು ಬಂದು ನೋಡಿದರೆ ಮೂಳೆ ಇಲ್ಲ, ಚಿಪ್ಪಿಲ್ಲ, ಒಂದೆರಡು ಎಲೆಕೋಸು ಇತ್ತು. ಆ ರಾತ್ರಿ ನಿಜವಾಗಿಯೂ ಬೇಜಾರಾಯಿತು. ಆಟದ ಲೆಕ್ಕದಲ್ಲಿ ಹತ್ತು ದಿನ ಹೋಗದೆ ಬಿಟ್ಟ ಜಾಗ ಹೊಸದಾಗಿ ತುಂಬಿಕೊಳ್ಳುತ್ತದೆ, ಪೂರ್ತಿ ಗೆದ್ದು ಮುಗಿಸಿದ ಗುಹೆಯಾದರೆ ಮೂವತ್ತು ದಿನ. ಸ್ವಂತ ಮನೆಯ ಪೆಟ್ಟಿಗೆ ಮಾತ್ರ ಹಾಗೆ ಆಗುವುದಿಲ್ಲ. 5,000 ಚಿನ್ನ ಸೇರಿದ ದಿನವೇ ಮನೆ ಕೊಳ್ಳಿ.

ಸ್ಕೈರಿಮ್‌ನಲ್ಲಿ ನನಗೆ ಸಮಾಧಾನ ಇಲ್ಲದ್ದು ಒಂದೇ. ಕಮ್ಮಾರನ ಕುಲುಮೆ ಆಗಲಿ, ಮದ್ದಿನ ಮೇಜು ಆಗಲಿ, ಪೆಟ್ಟಿಗೆಯೊಳಗಿನ ಸಾಮಾನನ್ನು ನೋಡುವುದೇ ಇಲ್ಲ. ಎಲ್ಲ ನಮ್ಮ ಮೈಮೇಲೆ ಇರಬೇಕು. ಕಬ್ಬಿಣದ ಗಟ್ಟಿ ಮಾಳಿಗೆಯ ಪೆಟ್ಟಿಗೆಯಲ್ಲಿ, ಚರ್ಮದ ಪಟ್ಟಿ ಕೆಳಗಿನ ಪೆಟ್ಟಿಗೆಯಲ್ಲಿ, ಕುಲುಮೆ ಪಕ್ಕದ ಅಂಗಡಿಯಲ್ಲಿ. ಒಂದು ಕತ್ತಿಗೆ ಮೂರು ಸಲ ಮೆಟ್ಟಿಲು ಹತ್ತಿ ಇಳಿಯಬೇಕು. ಪೆಟ್ಟಿಗೆಗೆ ಹೆಸರು ಹಾಕಲೂ ಬರುವುದಿಲ್ಲ, ಬಣ್ಣ ಹಚ್ಚಲೂ ಬರುವುದಿಲ್ಲ. ಯಾವುದರಲ್ಲಿ ಏನು ಅನ್ನುವುದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕು. ನಾನು ಹಳೇ ಕ್ಯಾಲೆಂಡರ್‌ನ ಹಿಂದುಗಡೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಇಳಿಸಲು ಆರು ನಿಮಿಷ ಹಿಡಿಯಿತು, ಹುಡುಕಲು ನಾಲ್ಕು ಪೆಟ್ಟಿಗೆ ತೆಗೆದೆ.

ಆ ಕೊರತೆಯನ್ನು ಅದೇ ಕಂಪನಿಯ ಫಾಲ್‌ಔಟ್ 4 ತುಂಬಿತು, 2015ರಲ್ಲಿ. ಇಲ್ಲಿ ಊರಿಗೊಂದು ವರ್ಕ್‌ಶಾಪ್. ದಾರಿಯಲ್ಲಿ ಸಿಕ್ಕ ಗುಜರಿಯನ್ನೆಲ್ಲ ಅದಕ್ಕೆ ಒಂದೇ ಬಟನ್‌ನಲ್ಲಿ ಹಾಕಿಬಿಡಬಹುದು. ಬಂದೂಕು ಮಾರ್ಪಡಿಸುವ ಮೇಜಿಗೆ ಹೋದರೆ ಅದು ವರ್ಕ್‌ಶಾಪಿನ ಒಳಗಿಂದ ತಾನೇ ತೆಗೆದುಕೊಳ್ಳುತ್ತದೆ. ಸ್ಕ್ರೂ ಬೇಕಾದರೆ ಟೇಬಲ್ ಫ್ಯಾನು, ಅಂಟು ಬೇಕಾದರೆ ಟೇಪು, ಅದೇ ಒಡೆದು ಕೊಡುತ್ತದೆ. ಸ್ಕ್ರೂ ಕಡಿಮೆ ಇದೆ ಅಂತ ಒಂದು ಗುರುತು ಹಾಕಿಟ್ಟರೆ, ಹೊರಗೆ ಅಲೆಯುವಾಗ ಸ್ಕ್ರೂ ಇರುವ ಸಾಮಾನಿನ ಮುಂದೆ ಭೂತಗನ್ನಡಿಯ ಚಿಹ್ನೆ ಕಾಣುತ್ತದೆ. ಅಪ್ಪನ ಗುಂಡಿ ಡಬ್ಬಿಗೆ ಇಂಥದ್ದೊಂದು ಇದ್ದಿದ್ದರೆ!

ಆದರೆ ಇಲ್ಲಿನ ಅಪಾರ್ಟ್‌ಮೆಂಟ್ ಬಗ್ಗೆ ಎಚ್ಚರ. ಡೈಮಂಡ್ ಸಿಟಿ ಮಾರ್ಕೆಟ್ ಪಕ್ಕದ ಹೋಮ್ ಪ್ಲೇಟ್, 2,000 ಕ್ಯಾಪ್ (ಅಲ್ಲಿನ ದುಡ್ಡು). ಅಂಗಡಿಗಳು ಬಾಗಿಲಲ್ಲೇ ಇವೆ, ಮಾರಲು ಕೊಳ್ಳಲು ಸುಲಭ. ಉಳಿದ ಊರುಗಳ ವರ್ಕ್‌ಶಾಪ್‌ಗಳನ್ನು ಲೋಕಲ್ ಲೀಡರ್ ಅನ್ನುವ ಪರ್ಕ್ (ನಮ್ಮ ಪಾತ್ರಕ್ಕೆ ಸಿಗುವ ವಿಶೇಷ ಕೌಶಲ) ಪಡೆದು ಒಂದಕ್ಕೊಂದು ಜೋಡಿಸಬಹುದು, ಒಂದು ಕಡೆ ಇಟ್ಟ ಗುಜರಿ ಇನ್ನೊಂದು ಕಡೆ ಕೆಲಸಕ್ಕೆ ಬರುತ್ತದೆ. ಹೋಮ್ ಪ್ಲೇಟ್ ಆ ಜಾಲಕ್ಕೆ ಸೇರುವುದಿಲ್ಲ. ಅಲ್ಲಿ ಸುರಿದದ್ದು ಅಲ್ಲೇ. ನಾನು ವಾರವಿಡೀ ಅಲ್ಲಿ ತುಂಬಿ, ಕೊನೆಗೆ ಸ್ಯಾಂಕ್ಚುರಿ ಅನ್ನುವ ಊರಿಗೆ ಹೊತ್ತು ಸಾಗಿಸಿದೆ. ಮಲಗಲು ಹೋಮ್ ಪ್ಲೇಟ್, ಸಾಮಾನಿಗೆ ಸ್ಯಾಂಕ್ಚುರಿ, ಹೀಗೆ ಇಟ್ಟುಕೊಂಡರೆ ತೊಂದರೆ ಇಲ್ಲ.

ಇನ್ನು ಸ್ಟಾರ್‌ಡ್ಯೂ ವ್ಯಾಲಿ. ಅಪಾರ್ಟ್‌ಮೆಂಟ್ ಅಲ್ಲ, ಹೊಲದ ನಡುವಿನ ಒಂದು ಕೋಣೆಯ ಮನೆ. ಆದರೂ ಈ ಸಾಲಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಒಬ್ಬನೇ ಕೂತು ಮಾಡಿದ ಆಟ, 2016ರಲ್ಲಿ ಬಂತು, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. 50 ಕಟ್ಟಿಗೆ ಇದ್ದರೆ ಒಂದು ಪೆಟ್ಟಿಗೆ, ಒಳಗೆ 36 ಖಾನೆ. ಒಂದೇ ಥರದ ಸಾಮಾನು ಒಂದು ಖಾನೆಯಲ್ಲಿ 999ರ ತನಕ. ಪೆಟ್ಟಿಗೆಗೆ ಬೇಕಾದ ಬಣ್ಣ ಹಚ್ಚಬಹುದು. ಹಸಿರು ಬೀಜಕ್ಕೆ, ನೀಲಿ ಮೀನಿಗೆ, ಕಂದು ಕಟ್ಟಿಗೆ ಕಲ್ಲಿಗೆ. ಬಣ್ಣ ಸಾಲದಿದ್ದರೆ ಮುಂದೆ ಒಂದು ಮರದ ಫಲಕ ನಿಲ್ಲಿಸಿ, ಅದರ ಮೇಲೆ ಒಳಗಿರುವ ಸಾಮಾನಿನದೇ ಚಿತ್ರ ಬರುವ ಹಾಗೆ ಮಾಡಬಹುದು. ಬೇಕಾದ ಕಡೆ ಬೇಕಾದಷ್ಟು ಪೆಟ್ಟಿಗೆ. ಇದು ಅಜ್ಜಿಯ ಅಡಕಲು ಗಡಿಗೆಗಳ ಸಾಲು.

ನನ್ನ ಮನಸ್ಸು ಗೆದ್ದದ್ದು ಒಂದು ಚಿಕ್ಕ ಬಟನ್. ಚೀಲ ತುಂಬಿಸಿಕೊಂಡು ಪೆಟ್ಟಿಗೆ ತೆಗೆದು ಅದನ್ನು ಒತ್ತಿದರೆ, ಆ ಪೆಟ್ಟಿಗೆಯಲ್ಲಿ ಈಗಾಗಲೇ ಏನಿದೆಯೋ ಅದೇ ಜಾತಿಯದು ಮಾತ್ರ ಚೀಲದಿಂದ ಇಳಿಯುತ್ತದೆ. ಕಲ್ಲು ಕಲ್ಲಿನ ಜೊತೆ, ಬೀಜ ಬೀಜದ ಜೊತೆ. ಐದು ಪೆಟ್ಟಿಗೆ ಮುಂದೆ ನಡೆದು ಐದು ಸಲ ಒತ್ತಿದೆ, ಚೀಲ ಖಾಲಿ. ಒಂದು ನಿಮಿಷದ ಮಾತು. ಪೆಟ್ಟಿಗೆ ತೆರೆದಿರುವಾಗ ಆಟದ ಗಡಿಯಾರವೂ ನಿಲ್ಲುತ್ತದೆ, ನಿಧಾನವಾಗಿ ನೋಡಬಹುದು. 10,000 ಚಿನ್ನ, 450 ಕಟ್ಟಿಗೆ ಕೊಟ್ಟು ಮನೆ ದೊಡ್ಡದು ಮಾಡಿಸಿದರೆ ಅಡುಗೆಮನೆ, ಫ್ರಿಜ್ ಬರುತ್ತದೆ. ಫ್ರಿಜ್‌ನಲ್ಲಿ ಇಟ್ಟ ಮೊಟ್ಟೆ, ಹಾಲು ಅಡುಗೆ ಮಾಡುವಾಗ ತಾನೇ ಲೆಕ್ಕಕ್ಕೆ ಬರುತ್ತದೆ, ಕೈಯಲ್ಲಿ ಹಿಡಿದಿರಬೇಕಾಗಿಲ್ಲ. ಬಡಗಿ ರಾಬಿನ್ ಮಾರುವ ವರ್ಕ್‌ಬೆಂಚ್ ಕೂಡ ಹೀಗೆಯೇ, ಅದಕ್ಕೆ ತಾಗಿಸಿ ಇಟ್ಟ ಪೆಟ್ಟಿಗೆಗಳಿಂದ ಸಾಮಾನು ತೆಗೆದುಕೊಳ್ಳುತ್ತದೆ. ಅಪ್ಪನ ಮಿಷನ್ ಸುತ್ತಲಿನ ಡಬ್ಬಿಗಳು ಇದ್ದಹಾಗೆ.

ಮೈನ್‌ಕ್ರಾಫ್ಟ್ ಯಾಕೆ ಇಲ್ಲ ಅಂತ ತಮ್ಮ ಕೇಳಿದ. ಅಲ್ಲಿ ಸಾಮಾನು ಸಾಗಿಸುವ ಹಾಪರ್ ಜೋಡಿಸಿ ತಾನೇ ವಿಂಗಡಿಸುವ ಪೆಟ್ಟಿಗೆ ಸಾಲನ್ನೇ ಕಟ್ಟಬಹುದು, ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ನನ್ನ ಆಯ್ಕೆ ಕೇಳಿದರೆ ಸ್ಟಾರ್‌ಡ್ಯೂ ಮೊದಲು. ಇಳಿಸುವುದೂ ಬೇಗ, ಹುಡುಕುವುದೂ ಬೇಗ, ಎಲ್ಲಿ ಏನು ಇಡಬೇಕು ಅನ್ನುವುದೂ ನಮ್ಮದೇ. ಕಥೆಯ ಹಿಂದೆ ಓಡುವವರಿಗೆ, ಸಾಮಾನಿನ ಚಿಂತೆಯೇ ಬೇಡ ಅನ್ನುವವರಿಗೆ ಸೈಬರ್‌ಪಂಕ್. ಗುಜರಿಯಿಂದ ಏನಾದರೂ ಮಾಡುವ ಹುಚ್ಚಿದ್ದರೆ ಫಾಲ್‌ಔಟ್ 4. ಸ್ಕೈರಿಮ್ ನಮ್ಮ ಪರೀಕ್ಷೆಯಲ್ಲಿ ಕೊನೆಗೆ ನಿಂತಿತು, ಆದರೂ ಸುಮ್ನೆ ಹೋಗಿ ಕೂರಬೇಕು ಅನಿಸುವ ಮನೆ ನನಗೆ ಬ್ರೀಜ್‌ಹೋಮ್ ಒಂದೇ. ಆ ಏಳು ಬಾಟಲಿಗಳನ್ನು ಮತ್ತೆ ನಿಲ್ಲಿಸಿದ್ದೇನೆ.

ಸ್ಟಾರ್‌ಡ್ಯೂ ಶುರು ಮಾಡುವವರಿಗೆ ಇನ್ನೊಂದು ಮಾತು. 2024ರ 1.6 ಅಪ್‌ಡೇಟ್‌ನಲ್ಲಿ 70 ಖಾನೆಯ ದೊಡ್ಡ ಪೆಟ್ಟಿಗೆ ಬಂದಿದೆ. 120 ಕಟ್ಟಿಗೆ, ಎರಡು ತಾಮ್ರದ ಗಟ್ಟಿ ಬೇಕು. ಅದನ್ನು ಇಡಲು ಹಳೇ ಪೆಟ್ಟಿಗೆ ಖಾಲಿ ಮಾಡಬೇಡಿ. ಹೊಸದನ್ನು ಕೈಯಲ್ಲಿ ಹಿಡಿದು ಹಳೆಯದರ ಮೇಲೆ ಒತ್ತಿ. ಒಳಗಿನ ಸಾಮಾನು ಹಾಗೇ ಇರುತ್ತದೆ, ಪೆಟ್ಟಿಗೆ ಮಾತ್ರ ದೊಡ್ಡದಾಗುತ್ತದೆ.