ಇಂಗ್ಲಿಷ್ ಪದಗಳ ಬೇರು ಹುಡುಕಲು ಎಟಿಮ್‌ಆನ್‌ಲೈನ್ ಹೇಗಿದೆ?

ಇಂಗ್ಲಿಷ್ ಪದಗಳ ಹುಟ್ಟು ಕೆದಕುವ ಚಟ ಇದ್ದವರಿಗೆ ಎಟಿಮ್‌ಆನ್‌ಲೈನ್ ವೆಬ್‌ಸೈಟ್ ತುಂಬಾ ಒಳ್ಳೆಯದು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಅಮೆರಿಕದ ಡಗ್ಲಸ್ ಹಾರ್ಪರ್ ಕಟ್ಟಿದ ನಿಘಂಟು ಇದು. ಓದೋದಕ್ಕೆ ದುಡ್ಡು ಬೇಡ.

ಹೇಗಿದೆ ಅಂತ ನೋಡಬೇಕಾದರೆ 'ವೆಂಡ್' ಹುಡುಕಿ. ಡಬ್ಲ್ಯೂ ಹಾಕಿ, ವಿ ಹಾಕಿದರೆ ಲ್ಯಾಟಿನ್ ಮೂಲದ, ಮಾರಾಟದ ವೆಂಡ್ ಬರುತ್ತದೆ. ನಮ್ಮ ವೆಂಡ್ ಹಳೇ ಇಂಗ್ಲಿಷಿನಲ್ಲಿ 'ವೆಂಡನ್', ಅಂದರೆ ತಿರುಗು, ತಿರುಗಿಸು. ಒಂದು ಕಡೆ ತಿರುಗಿದವನು ಆ ಕಡೆಗೇ ಹೊರಡುತ್ತಾನಲ್ಲ, ಹಾಗೆ 'ಹೋಗು' ಅನ್ನುವ ಅರ್ಥವೂ ಸೇರಿಕೊಂಡಿತು. ಮಜಾ ಇರುವುದು ಮುಂದೆ. 'ಗೋ, ವೆಂಟ್, ಗಾನ್' ಅಂತ ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆವಲ್ಲ, ಆ ನಡುವಿನ ವೆಂಟ್ ಗೋದಲ್ಲವೇ ಅಲ್ಲ, ವೆಂಡ್‌ನ ಭೂತಕಾಲ! ಗೋಗೆ ಮೊದಲು 'ಎಯೊಡೆ' ಅನ್ನುವ ಬೇರೆಯೇ ರೂಪ ಇತ್ತು, 1500ರ ಸುಮಾರಿಗೆ ಅದರ ಜಾಗಕ್ಕೆ ವೆಂಟ್ ಬಂದು ಕೂತಿತು. ಕಳಕೊಂಡ ವೆಂಡ್ ಈಗ 'ವೆಂಡೆಡ್' ಅಂತ ಕಾಲ ತಳ್ಳುತ್ತಿದೆ.

ಇಷ್ಟೆಲ್ಲ ಕೆಲವೇ ಸಾಲಿನಲ್ಲಿ ಸಿಗುತ್ತದೆ. ಅಲ್ಲಿಂದ ಲಿಂಕ್ ಒತ್ತಿದರೆ ಸುತ್ತು ಅನ್ನುವ ಅರ್ಥದ 'ವೈಂಡ್', ಅಲೆದಾಡು ಅನ್ನುವ 'ವಾಂಡರ್' ಎಲ್ಲ ಒಂದೇ ಬಳಗ ಅಂತ ಗೊತ್ತಾಗುತ್ತದೆ. ರಾತ್ರಿ ಮಲಗುವ ಮುಂಚೆ ತೆರೆಯಬೇಡಿ, ಅಷ್ಟೇ ಹೇಳ್ತೀನಿ.

ಎರಡು ವಿಷಯ ಗಮನದಲ್ಲಿಡಿ. ಪದದ ಮುಂದೆ ನಕ್ಷತ್ರದ ಗುರುತು ಇದ್ದರೆ ಅದು ಬರಹದಲ್ಲಿ ಸಿಕ್ಕಿದ್ದಲ್ಲ, ವಿದ್ವಾಂಸರು ಹೋಲಿಸಿ ಊಹಿಸಿದ ರೂಪ. ಕೊಟ್ಟಿರುವ ಇಸವಿ ಪದ ಹುಟ್ಟಿದ ವರ್ಷವೂ ಅಲ್ಲ, ಬರಹದಲ್ಲಿ ಮೊದಲು ಕಂಡ ಕಾಲ. ಬಾಯಲ್ಲಿ ಅದಕ್ಕೂ ಮುಂಚೆಯೇ ಓಡಾಡಿರಬಹುದು.

ಕೊರತೆ ಅಂದರೆ ಉದಾಹರಣೆಗಳು ಕಡಿಮೆ. 'ಸ್ಟಾರ್ವ್' ತಗೊಳ್ಳಿ. ಮೊದಲು ಅದಕ್ಕೆ ಬರೀ 'ಸಾಯು' ಅಂತ ಅರ್ಥ, ಜರ್ಮನ್‌ನ 'ಸ್ಟೆರ್ಬೆನ್' ಈಗಲೂ ಹಾಗೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ಹಸಿವಿನ ಸಾವಿಗೆ ಮೀಸಲಾಯಿತು. ಚಳಿಯಿಂದ ಸಾಯುವುದಕ್ಕೂ ಈ ಪದ ಬಳಸಿದ್ದುಂಟು. ಈ ಬದಲಾವಣೆಯನ್ನು ಒಂದೊಂದು ಕಾಲದ ವಾಕ್ಯಗಳಲ್ಲೇ ಓದಬೇಕು ಅಂದರೆ ಇಲ್ಲಿ ತೃಪ್ತಿ ಆಗಲ್ಲ. ಅದಕ್ಕೆ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯೇ ಬೇಕು. 1884ರಿಂದ 1928ರವರೆಗೆ ಕಂತು ಕಂತಾಗಿ ಬಂದ ದೊಡ್ಡ ನಿಘಂಟು, ಒಂದೊಂದು ಅರ್ಥಕ್ಕೂ ಹಳೇ ಬರಹದ ಸಾಲುಗಳನ್ನು ಇಸವಿ ಸಮೇತ ಕೊಡುತ್ತದೆ. ಆನ್‌ಲೈನ್‌ನಲ್ಲಿ ಪೂರ್ತಿ ಓದಲು ಚಂದಾ ಕಟ್ಟಬೇಕು. ಕಾಲೇಜು ಅಥವಾ ಲೈಬ್ರರಿಯ ಮೂಲಕ ಸಿಗುತ್ತದಾ ಅಂತ ಮೊದಲು ವಿಚಾರಿಸಿ, ಆಮೇಲೆ ದುಡ್ಡು ಕೊಡಿ.