ಬೇಲೂರೋ ಹಳೇಬೀಡೋ: ಅರ್ಧ ದಿನವಷ್ಟೇ ಇದ್ದರೆ

ಎರಡು ಊರುಗಳ ನಡುವೆ 16 ಕಿ.ಮೀ. ಅಷ್ಟೇ. ಆದರೂ ಅರ್ಧ ದಿನದಲ್ಲಿ ಎರಡನ್ನೂ ಮುಗಿಸಲು ಹೊರಟರೆ ಯಾವುದನ್ನೂ ನೋಡಿದಂತಾಗದು.

ಬೇಲೂರು ಇಂದಿಗೂ ದೇವಸ್ಥಾನದ ಸುತ್ತಲೇ ಬದುಕುವ ಊರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ನಿತ್ಯಪೂಜೆ ಇದೆ. ಮಧ್ಯಾಹ್ನ ಗರ್ಭಗುಡಿ ಮುಚ್ಚುತ್ತಾರೆ, ಬೆಳಗ್ಗೆಯೇ ಹೋಗಿ. ಎತ್ತರದ ಗೋಪುರ ಹೊಯ್ಸಳರದ್ದಲ್ಲ, ವಿಜಯನಗರ ಕಾಲದ್ದು. ಮದನಿಕೆಯರು (ಸುಂದರಿಯರ ಶಿಲ್ಪಗಳು) ಸೂರಿನಡಿ ಇದ್ದಾರೆ, ದುರ್ಬೀನು ಇದ್ದರೆ ಒಳ್ಳೆಯದು. ಗರ್ಭಗುಡಿಯ ಮುಂದಿನ ಮಂಟಪವಾದ ನವರಂಗ ಮೊದಲು ತೆರೆದಿತ್ತು. ಜಾಲಂಧ್ರಗಳನ್ನು, ಅಂದರೆ ರಂಧ್ರಗಳಿರುವ ಕಲ್ಲಿನ ಜಾಲರಿಗಳನ್ನು, ಆಮೇಲೆ ಕೂಡಿಸಿದ್ದರಿಂದ ಒಳಗೆ ಕತ್ತಲು. ಕಣ್ಣು ಹೊಂದಿಕೊಳ್ಳುವ ಮೊದಲೇ ಹೊರಬಂದವರು ಕಂಬಗಳನ್ನು ನೋಡದೇ ಹೋಗುತ್ತಾರೆ.

ಹಳೇಬೀಡು ಹೊಯ್ಸಳರ ರಾಜಧಾನಿ ದೋರಸಮುದ್ರ. 14ನೇ ಶತಮಾನದ ದಾಳಿಗಳಲ್ಲಿ ಹಾಳಾಯಿತು. ಇಲ್ಲಿನ ಹೊಯ್ಸಳೇಶ್ವರ ದೇವಸ್ಥಾನಕ್ಕೆ ಶಿಖರವಿಲ್ಲ, ಆದರೆ ಕೆತ್ತನೆ ಕಣ್ಣೆತ್ತರಕ್ಕೇ ಇದೆ: ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಆಮೇಲೆ ದೊಡ್ಡ ದೇವತಾಮೂರ್ತಿಗಳು. ಅಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಿಂದಲೇ ಆ ನವುರು. ದೇವಸ್ಥಾನ ಪೂರ್ವಾಭಿಮುಖ, ಹಿಂಬದಿಯ ಪಶ್ಚಿಮ ಗೋಡೆಗೆ ಮಧ್ಯಾಹ್ನದ ನಂತರ ಬಿಸಿಲು ಬೀಳುತ್ತದೆ.

ಶಿಲ್ಪ ನಿಧಾನವಾಗಿ ಓದುವವರಿಗೆ ಹಳೇಬೀಡೇ ಸರಿ, ಊರಿನ ಸಂಭ್ರಮ ಬೇಕೆಂದರೆ ಬೇಲೂರು. ಹಳೇಬೀಡಾದರೆ ಬಸದಿಹಳ್ಳಿಯ ಪಾರ್ಶ್ವನಾಥ ಬಸದಿ ಬಿಡಬೇಡಿ. ಅಲ್ಲಿನ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಎರಡೂ ಕಡೆ ಚಪ್ಪಲಿ ಹೊರಗೆ, ಕಲ್ಲು ಕಾದಿರುತ್ತದೆ: ಕಾಲುಚೀಲ ಇರಲಿ.