ಮಾರುತಿ ಜಿಪ್ಸಿ ಎತ್ತರಿಸಲು ಬಿಡಿ ಸಾಮಾನು ಕೂಡಿಸಲು ಹೊರಟವರೇ, ಮೊದಲು ಇದನ್ನು ಓದಿ

ಬರೆಯಬೇಕೋ ಬೇಡವೋ ಎಂದು ಮೂರು ವಾರ ಹಿಂದೆಮುಂದೆ ನೋಡಿದೆ. ಬರೆದರೆ ಮೋಸಹೋದೆ ಎಂದು ನಾನೇ ಊರಿಗೆಲ್ಲ ಸಾರಿದಂತಾಗುತ್ತದೆ. ಆದರೆ ಕಳೆದ ಭಾನುವಾರ ನನಗೆ ಮೋಸ ಮಾಡಿದ ಅಂಗಡಿಯ ಮುಂದೆ ಇನ್ನೊಂದು ಜಿಪ್ಸಿ ನಿಂತಿತ್ತು. ಮಾತನಾಡಿಸಿದರೆ ಶಿಡ್ಲಘಟ್ಟದ ಹುಡುಗ. ಶ್ಯಾಕಲ್‌ಗೆ (ಸ್ಪ್ರಿಂಗಿನ ತುದಿಯನ್ನು ಗಾಡಿಯ ಚಾಸಿಗೆ ಜೋಡಿಸುವ ಕೊಂಡಿ) ಐದು ಸಾವಿರ ಮುಂಗಡ ಕೊಟ್ಟಾಗಿತ್ತು. ಅವನ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಆಗಸ್ಟ್‌ನಲ್ಲಿ ನಾನೂ ಹಾಗೆಯೇ ನಿಂತಿದ್ದೆ.

ನನ್ನದು 2009ರ ಜಿಪ್ಸಿ. ಚಿಕ್ಕಬಳ್ಳಾಪುರದಿಂದ ಗುಡಿಬಂಡೆ ಕಡೆಯ ತೋಟಕ್ಕೆ ವಾರಕ್ಕೆ ಎರಡು ಸಲ ಹೋಗಿ ಬರುತ್ತೇನೆ. ಕೊನೆಯ ಎರಡು ಕಿಲೋಮೀಟರ್ ಬರೀ ಬಂಡೆಗಲ್ಲು, ಮಳೆ ಬಿದ್ದರೆ ಕೊರಕಲು. ಗಾಡಿಯನ್ನು ಎರಡು ಇಂಚು ಎತ್ತರಿಸಿ ತುಸು ದೊಡ್ಡ ಟೈರ್ ಹಾಕಿಸಬೇಕೆಂಬುದು ಬಹಳ ದಿನದ ಆಸೆ. ಬೆಂಗಳೂರಿನಲ್ಲಿ ಪೂರ್ತಿ ಕಿಟ್‌ಗೆ 88,000 ರೂಪಾಯಿ ಹೇಳಿದರು. ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ನಾಲ್ಕು ಸ್ಪ್ರಿಂಗ್ ಕಟ್ಟು, ಕುಲುಕಾಟ ತಡೆಯುವ ನಾಲ್ಕು ಶಾಕ್, ಶ್ಯಾಕಲ್, ರಬ್ಬರ್ ಬುಷ್, ಸ್ಪ್ರಿಂಗನ್ನು ಚಕ್ರದ ಅಚ್ಚಿಗೆ (ಆಕ್ಸಲ್) ಬಿಗಿಯುವ ಹೊಸ ಯು ಬೋಲ್ಟ್, ಬ್ರೇಕ್ ಎಣ್ಣೆ ಹರಿಯುವ ಉದ್ದದ ಬ್ರೇಕ್ ಹೋಸ್, ಎಲ್ಲವೂ ಒಂದೇ ಲೆಕ್ಕದಲ್ಲಿ. ದುಬಾರಿ ಎನಿಸಿತು. ಅಲ್ಲಿಯೇ ಎಡವಿದೆ.

ಹೆದ್ದಾರಿ ಪಕ್ಕದ ಈ ಅಂಗಡಿಯ ಹೆಸರು ಬರೆಯುವುದಿಲ್ಲ, ವಕೀಲರು ಬೇಡವೆಂದಿದ್ದಾರೆ. ಮಾಲೀಕ ಕೂರಿಸಿ ಕಾಫಿ ತರಿಸಿದ. "ಕಿಟ್ ಎಂದರೆ ಏನು ಸರ್? ಡಬ್ಬದ ಮೇಲಿನ ಹೆಸರಿಗೆ ದುಡ್ಡು. ಅದೇ ಸಾಮಾನನ್ನು ನಾನು ಬಿಡಿಯಾಗಿ ಕೂಡಿಸಿಕೊಡುತ್ತೇನೆ. ನಲವತ್ತು ಸಾವಿರದಲ್ಲಿ ಮುಗಿಯುತ್ತದೆ. ಎಷ್ಟು ಜಿಪ್ಸಿ ಮಾಡಿದ್ದೇನೆ ಗೊತ್ತಾ?" ಗೋಡೆಯ ತುಂಬ ಫೋಟೊಗಳಿದ್ದವು. ನಂಬಿದೆ.

ಮೊದಲು ಎರಡು ಇಂಚು ಉದ್ದದ ಶ್ಯಾಕಲ್ ಹಾಕಿದ, 6,500 ರೂಪಾಯಿ. ಮನೆಗೆ ಬಂದು ಟೇಪ್ ಹಿಡಿದು ಅಳೆದರೆ ಗಾಡಿ ಎದ್ದಿರುವುದು ಒಂದೇ ಇಂಚು! ಮರುದಿನ ಹೋಗಿ ಕೇಳಿದರೆ, "ನಿಮ್ಮ ಸ್ಪ್ರಿಂಗ್ ಸೋತಿದೆ ಸರ್, ಪಟ್ಟಿ ಸೇರಿಸಬೇಕು" ಎಂದ. ಸುಳ್ಳು. ಶುದ್ಧ ಸುಳ್ಳು. ಶ್ಯಾಕಲ್ ಇರುವುದು ಸ್ಪ್ರಿಂಗಿನ ಒಂದು ತುದಿಯಲ್ಲಿ, ಆಕ್ಸಲ್ ಕೂರುವುದು ನಡುವೆ. ತುದಿಯನ್ನು ಎರಡು ಇಂಚು ಇಳಿಸಿದರೆ ನಡುವೆ ಸಿಗುವುದು ಸುಮಾರು ಅರ್ಧ. ಇಷ್ಟು ಲೆಕ್ಕ ಆ ಕೆಲಸ ಮಾಡುವ ಯಾವನಿಗಾದರೂ ಗೊತ್ತಿರಬೇಕು. ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವನ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಪಟ್ಟಿಗೆ 14,000. ಭಾರದ ಪಿಕಪ್ ಗಾಡಿಯ ಪಟ್ಟಿಯನ್ನು ಕತ್ತರಿಸಿ ಸೇರಿಸಿದ್ದಾನೆಂದು ಆಮೇಲೆ ತಿಳಿಯಿತು. ಜಿಪ್ಸಿ ಒಂದು ಟನ್ ಆಸುಪಾಸಿನ ಹಗುರ ಗಾಡಿ, ಅದಕ್ಕೆ ಆ ಪಟ್ಟಿ ಬಗ್ಗುವುದೇ ಇಲ್ಲ. ಪ್ರತಿ ಹಂಪ್‌ನಲ್ಲೂ ಕುದುರೆಯಂತೆ ಎಗರತೊಡಗಿತು. "ಅದಕ್ಕೆ ಶಾಕ್ ಬೇಕು ಸರ್" ಎಂದ. ಹಳದಿ ಬಣ್ಣದ ನಾಲ್ಕು ಶಾಕ್, 22,000. "ಆಸ್ಟ್ರೇಲಿಯಾ ಮಾಲು, ಎರಡು ಇಂಚು ಲಿಫ್ಟ್‌ಗೆಂದೇ ಮಾಡಿದ್ದು." ಬಿಲ್ ಕೇಳಿದೆ. "ಬಿಲ್ ಬೇಕೆಂದರೆ ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ, ಯೋಚಿಸಿ" ಎಂದ. ಯೋಚಿಸಿದೆ, ಬಿಲ್ ಬಿಟ್ಟೆ. ಯೋಚಿಸಬೇಕಾದ ರೀತಿಯಲ್ಲಿ ಯೋಚಿಸಲಿಲ್ಲ.

ಆಮೇಲೆ ಸ್ಟಿಯರಿಂಗ್. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಪೇರೇಸಂದ್ರದ ಕಡೆ ಎಪ್ಪತ್ತರ ವೇಗದಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಲಾರಿಯೊಂದು ದಾಟಿಹೋಯಿತು, ಗಾಡಿ ತನ್ನಷ್ಟಕ್ಕೆ ಅದರ ಕಡೆಗೆ ವಾಲಿತು. ತಿದ್ದಿದರೆ ಈ ಕಡೆಗೆ ಬಂತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಅಂದು ಗುಡಿಬಂಡೆವರೆಗೆ ನಲವತ್ತು ದಾಟಿಸಲಿಲ್ಲ. ಫೋನ್ ಮಾಡಿದರೆ, "ಅಲೈನ್‌ಮೆಂಟ್ ಮಾಡಿಸಿ ಸರ್" ಎಂದ. ಅಲೈನ್‌ಮೆಂಟ್‌ನವನು ಯಂತ್ರದ ಪರದೆ ತೋರಿಸಿ ಕೈಚೆಲ್ಲಿದ: ಮುಂದಿನ ಶ್ಯಾಕಲ್ ಉದ್ದವಾದಾಗ ಇಡೀ ಆಕ್ಸಲ್ ತಿರುಗಿ, ಗಾಡಿಯನ್ನು ನೇರ ದಾರಿಯಲ್ಲಿ ಹಿಡಿದಿಡುವ ಕ್ಯಾಸ್ಟರ್ ಕೋನ ಕಡಿಮೆಯಾಗಿದೆ, ಅದನ್ನು ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡ್ ತಿರುಗಿಸಿ ಸರಿಮಾಡಲು ಆಗುವುದಿಲ್ಲ. ಮತ್ತೆ ಅದೇ ಅಂಗಡಿ. ಈ ಸಲ ಆ ಕೋನ ಸರಿಪಡಿಸಲೆಂದು ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಅಲ್ಯೂಮಿನಿಯಂ ಬೆಣೆ, 3,500. ಎರಡೇ ವಾರಕ್ಕೆ ಒಂದು ಬೆಣೆ ಸೀಳಿತು.

ಗಮನಿಸಿ, ಪ್ರತಿ ಸಲವೂ ಕೆಟ್ಟದ್ದು ನನ್ನ ಗಾಡಿ, ಪರಿಹಾರ ಅವನ ಅಂಗಡಿಯ ಮತ್ತೊಂದು ಸಾಮಾನು. ಪ್ರತಿ ಸಲವೂ.

ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಬಿದ್ದ ಮರುದಿನ ಅಪ್ಪನನ್ನು ಕೂರಿಸಿಕೊಂಡು ತೋಟಕ್ಕೆ ಹೊರಟಿದ್ದೆ. ಕೊರಕಲಿನಲ್ಲಿ ಎಡಗಡೆಯ ಮುಂದಿನ ಚಕ್ರ ಕೆಳಗಿಳಿಯಿತು, ಟಪ್ ಎಂದು ಶಬ್ದವಾಯಿತು. ಕಲ್ಲು ಬಡಿಯಿತೆಂದುಕೊಂಡು ಇಳಿದು ಬಗ್ಗಿ ನೋಡಿದೆ. ಹಳದಿ ಶಾಕಿನ ಕೆಳಗಿನ ಕಿವಿ (ಬೋಲ್ಟ್ ಹಾಕುವ ಬಳೆ) ಕಿತ್ತು ಬಂದು ಶಾಕ್ ಜೋತಾಡುತ್ತಿತ್ತು. ಚಕ್ರ ಇನ್ನೂ ಕೆಳಗೆ ಜಾರಿತ್ತು. ಅದರ ಪಕ್ಕದಲ್ಲಿ ಬ್ರೇಕ್ ಹೋಸ್ ತಂಬೂರಿ ತಂತಿಯಂತೆ ಬಿಗಿದುಕೊಂಡಿತ್ತು. ಕಬ್ಬಿಣದ ತುದಿಗೆ ರಬ್ಬರ್ ಸೇರುವಲ್ಲಿ ಒಂದು ಹನಿ ಎಣ್ಣೆ ಕಟ್ಟಿತ್ತು. ನೋಡುತ್ತಿದ್ದಂತೆ ಆ ಹನಿ ದಪ್ಪವಾಗಿ ಕೆಳಗೆ ಬಿತ್ತು, ಇನ್ನೊಂದು ಹನಿ ಕೂಡಿಕೊಳ್ಳತೊಡಗಿತು. ಇದು ಹೆದ್ದಾರಿಯಲ್ಲಿ ಆಗಿದ್ದರೆ? ನಂದಿ ಬೆಟ್ಟ ಇಳಿಯುವಾಗ ಆಗಿದ್ದರೆ? ಅಪ್ಪ ಸೀಟಿನಿಂದಲೇ "ಏನಾಯಿತೋ?" ಎಂದು ಕೇಳುತ್ತಿದ್ದರು. "ಏನಿಲ್ಲ ಅಪ್ಪ" ಎಂದೆ. ಬಾಯಿ ಒಣಗಿತ್ತು.

ಗಾಡಿಯನ್ನು ಟ್ರ್ಯಾಕ್ಟರ್‌ಗೆ ಕಟ್ಟಿಸಿ ಹಳೆಯ ಜೀಪುಗಳನ್ನು ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಬಳಿ ತಂದೆ. ಅವರು ನನ್ನನ್ನು ಏನೂ ಕೇಳಲಿಲ್ಲ. ಶಾಕ್ ಬಿಚ್ಚಿ, ಬಟ್ಟೆಗೆ ಪೆಟ್ರೋಲ್ ಹಾಕಿಕೊಂಡು ಉಜ್ಜಿದರು. ಹಳದಿ ಬಣ್ಣ ಬಟ್ಟೆಗೆ ಬಂತು. ಒಳಗೆ ಕಪ್ಪು. ಕಪ್ಪಿನ ಮೇಲೆ ಅಚ್ಚೊತ್ತಿದ ಸಂಖ್ಯೆ. "ಇದು ಯಾವುದೋ ವ್ಯಾನಿನ ಹಿಂದಿನ ಶಾಕ್, ಅಣ್ಣಾ" ಎಂದರು. ನನ್ನ ಹಳೆಯ ಶಾಕ್ ತರಿಸಿ ಎರಡನ್ನೂ ಪೂರ್ತಿ ಎಳೆದು ಪಕ್ಕಪಕ್ಕದಲ್ಲಿ ನೆಲದ ಮೇಲೆ ಮಲಗಿಸಿದರು. ವ್ಯತ್ಯಾಸ ಒಂದು ಬೆರಳಿನ ದಪ್ಪವೂ ಇಲ್ಲ. ಗಾಡಿ ಎರಡು ಇಂಚು ಮೇಲೆದ್ದಿದೆ, ಶಾಕ್ ಮಾತ್ರ ಅಷ್ಟೇ ಉದ್ದ. ಹಾಗಾಗಿ ಚಕ್ರ ಇಳಿದಾಗಲೆಲ್ಲ ಶಾಕ್ ತನ್ನ ಕೊನೆ ಮುಟ್ಟಿ ಆಕ್ಸಲ್‌ನ ಭಾರ ಹೊತ್ತು ನೇತಾಡಿದೆ. ಅದು ಕಿತ್ತ ಮೇಲೆ ಆ ಭಾರ ಹಿಡಿದುಕೊಂಡದ್ದು ಬ್ರೇಕ್ ಹೋಸ್. ಯು ಬೋಲ್ಟ್‌ಗಳೂ ಹಳೆಯವೇ, ಬಿಚ್ಚಿ ಮತ್ತೆ ಬಿಗಿದದ್ದು. ಹೊಸದಕ್ಕೆ ದುಡ್ಡು ತೆಗೆದುಕೊಂಡಿದ್ದ!

ಆ ಹಳದಿ ಬಟ್ಟೆಯನ್ನು ನೋಡಿದ ಕ್ಷಣ ಈಗಲೂ ಮೈ ಉರಿಸುತ್ತದೆ. ಇಪ್ಪತ್ತೆರಡು ಸಾವಿರ ಕೊಟ್ಟು ಬಣ್ಣ ಕೊಂಡಿದ್ದೆ.

ಅಂಗಡಿಗೆ ಹೋದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು: "ಫಿಟ್ಟಿಂಗ್ ಹುಡುಗ ತಪ್ಪು ಮಾಡಿರಬೇಕು, ಅವನು ಈಗ ಕೆಲಸದಲ್ಲಿಲ್ಲ." ಆಮೇಲೆ: "ಶಾಕ್ ನನಗೆ ಬಂದದ್ದೇ ಹಾಗೆ, ಸಪ್ಲೈಯರ್‌ನನ್ನು ಕೇಳಿ." ಸಪ್ಲೈಯರ್ ಯಾರು ಎಂದರೆ ನಂಬರ್ ಇಲ್ಲ. ಆಮೇಲೆ: "ನೀವು ಕೊರಕಲಿಗೆ ಇಳಿಸಿದ್ದೇಕೆ?" ಆಫ್‌ರೋಡ್ ಸಾಮಾನು ಮಾರಿದವನು ಕೇಳುವ ಮಾತೇ ಇದು? ಪೊಲೀಸರಿಗೆ ಹೇಳುತ್ತೇನೆ ಎಂದಾಗ ನಕ್ಕ. "ಹೇಳಿ ಸರ್. ಮೊದಲು ನಿಮ್ಮ ಗಾಡಿಯನ್ನೇ ಹಿಡಿಯುತ್ತಾರೆ."

ಆ ಮಾತಿಗೆ ನಾನು ಸುಮ್ಮನಾದೆ, ಅದು ಇನ್ನೂ ಚುಚ್ಚುತ್ತದೆ. ಏಕೆಂದರೆ ಅದರಲ್ಲಿ ನಿಜವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಿಟ್ ಹಾಕಿದರೂ ಈ ಕಾನೂನಿನಿಂದ ತಪ್ಪಿಸಿಕೊಳ್ಳಲಾಗದು, ಇದನ್ನೂ ತಿಳಿದುಕೊಂಡೇ ಕೈ ಹಾಕಿ. ಗ್ರಾಹಕರ ಈ ಭಯವೇ ಇಂಥ ಅಂಗಡಿಗಳ ಬಂಡವಾಳ.

ಲೆಕ್ಕ ಹೇಳುತ್ತೇನೆ. ಕೂಲಿ ಸೇರಿ ಅವನಿಗೆ ಕೊಟ್ಟದ್ದು 53,000. ಎಲ್ಲ ಕಿತ್ತು ಮೊದಲಿನಂತೆ ಮಾಡಿಸಲು 19,000. ಇನ್ನು ಹದಿನಾರು ಸಾವಿರ ಸೇರಿಸಿದ್ದರೆ ಪೂರ್ತಿ ಕಿಟ್ ಬರುತ್ತಿತ್ತು. ಈಗ ಗಾಡಿ ಹಳೆಯ ಎತ್ತರದಲ್ಲೇ ನಿಂತಿದೆ.

ಬಿಡಿ ಸಾಮಾನು ಕೂಡಿಸಿ ಚೆನ್ನಾಗಿ ಮಾಡಿಕೊಂಡವರು ಇಲ್ಲವೆಂದಲ್ಲ. ಅವರು ಶಾಕ್ ಎಳೆದಾಗ ಎಷ್ಟು ಉದ್ದ, ಒತ್ತಿದಾಗ ಎಷ್ಟು ಎಂದು ತಾವೇ ಅಳೆಯಬಲ್ಲವರು. ನಿಮಗೆ ಅದು ಬರದಿದ್ದರೆ ದುಡ್ಡು ಕೂಡಿಸಿ, ನಿಮ್ಮ ಗಾಡಿಯ ಮಾಡೆಲ್‌ಗೆಂದೇ ಇರುವ ಪೂರ್ತಿ ಕಿಟ್ ತೆಗೆದುಕೊಳ್ಳಿ. ಕೆಟ್ಟರೆ ಹಿಡಿಯಲು ಒಬ್ಬನ ಕೊರಳಪಟ್ಟಿಯಾದರೂ ಇರುತ್ತದೆ. ನನಗೆ ಸ್ಪ್ರಿಂಗ್‌ನವನು ಬೇರೆ, ಶಾಕ್‌ನವನು ಬೇರೆ, ಫಿಟ್ಟಿಂಗ್‌ನವನು ಬೇರೆ, ಕೊನೆಗೆ ಯಾರೂ ಇಲ್ಲ. ಬ್ರೇಕ್ ಹೋಸ್ ಬದಲಿಸುವ ಮಾತೇ ಎತ್ತದವನ ಅಂಗಡಿಯಿಂದ ಎದ್ದು ಬನ್ನಿ. ಬಿಲ್ ಇಲ್ಲದೆ ಒಂದು ಬುಷ್ ಕೂಡ ಕೊಳ್ಳಬೇಡಿ.

ನನ್ನ ಬಳಿ ಬಿಲ್ ಇಲ್ಲ, ಆದರೆ ಎಲ್ಲವನ್ನೂ ಯುಪಿಐ ಮೂಲಕವೇ ಕೊಟ್ಟಿದ್ದೇನೆ, ವಾಟ್ಸಾಪ್‌ನಲ್ಲಿ "ಆಸ್ಟ್ರೇಲಿಯಾ ಮಾಲು" ಎಂದು ಅವನೇ ಬರೆದದ್ದೂ ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಸಿದ್ಧವಾಗುತ್ತಿದೆ. ಐದು ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗಿರಬೇಕು ಅಷ್ಟೇ. ನಮ್ಮ ಜಿಲ್ಲೆಯಲ್ಲಿ ಹಳದಿ ಶಾಕ್ ಹಾಕಿಸಿಕೊಂಡವರು ಇದ್ದರೆ ಇವತ್ತೇ ಗಾಡಿಯ ಕೆಳಗೆ ಮಲಗಿ, ಬಟ್ಟೆಗೆ ಪೆಟ್ರೋಲ್ ಹಾಕಿ ಒಮ್ಮೆ ಉಜ್ಜಿ ನೋಡಿ. ಕಪ್ಪು ಕಂಡರೆ ನನಗೆ ತಿಳಿಸಿ, ಒಟ್ಟಿಗೆ ಹೋಗೋಣ. ನನ್ನ ನಾಲ್ಕು ಶಾಕ್‌ಗಳೂ ಮನೆಯಲ್ಲೇ ಇವೆ, ಬಣ್ಣ ಹೋದ ಜಾಗ ಹಾಗೆಯೇ ಇದೆ. ಆ ಬಟ್ಟೆಯನ್ನೂ ತೆಗೆದಿಟ್ಟಿದ್ದೇನೆ.